ತಮ್ಮ ಹೋದ್ಮೇಲೆ ಪ್ರಾರ್ಥನೆ ಮಾಡೋದನ್ನ ಮತ್ತೆ ಕಲಿತಿದ್ದು: ನನ್ನ ಅನುಭವ

ನನ್ನ ತಮ್ಮ ತೀರ್ಕೊಂಡು ಮೂರು ವರ್ಷ ಆಯ್ತು. ಆಗ ಅವನಿಗೆ 34. ರಾತ್ರಿ ಮಲಗಿದವನು ಬೆಳಿಗ್ಗೆ ಏಳ್ಲಿಲ್ಲ, ಹಾರ್ಟ್ ಅಟ್ಯಾಕ್ ಅಂದ್ರು. ಹಿಂದಿನ ರಾತ್ರಿ 9:40ಕ್ಕೆ ನಂಗೆ ಫೋನ್ ಮಾಡಿದ್ದ, ನಾನು ಏನೋ ಕೆಲಸದಲ್ಲಿದ್ದೆ, ಹೆಸರು ನೋಡ್ದೆ, ನಾಳೆ ಮಾಡಿದ್ರಾಯ್ತು ಬಿಡು ಅಂದ್ಕೊಂಡೆ. ಆ ಮಿಸ್ಡ್ ಕಾಲ್ ಇವತ್ತಿಗೂ ನನ್ನ ಹಳೇ ಫೋನಲ್ಲಿ ಕೆಂಪಕ್ಷರದಲ್ಲಿ ಹಾಗೇ ಇದೆ. ಏನು ಹೇಳೋಕೆ ಮಾಡಿದ್ದ ಅಂತ ನಂಗೆ ಇನ್ನು ಯಾವತ್ತೂ ಗೊತ್ತಾಗಲ್ಲ.

ನಾನು ಚಿಕ್ಕಂದಿನಿಂದ ಕ್ರೈಸ್ತ ವಿಶ್ವಾಸದಲ್ಲಿ ಬೆಳೆದವಳು. ಸಂಡೇ ಸ್ಕೂಲ್, ಆಮೇಲೆ ಯೂತ್ ಮೀಟಿಂಗ್, ಆಮೇಲೆ ನಾನೇ ಮಕ್ಕಳಿಗೆ ಪಾಠ ಹೇಳ್ಕೊಡ್ತಿದ್ದೆ. ಬೇರೆಯವರ ಮನೇಲಿ ಸಾವಾದಾಗ ಹೋಗಿ ವಚನ ಓದಿ ಪ್ರಾರ್ಥನೆ ಮಾಡಿ ಬಂದವಳು ನಾನು. ಅಂಥವಳಿಗೆ ಅವನನ್ನ ಮಣ್ಣು ಮಾಡಿ ಬಂದ ರಾತ್ರಿ "ಕರ್ತನೇ" ಅನ್ನೋ ಒಂದು ಪದ ಬಾಯಿಗೆ ಬರ್ಲಿಲ್ಲ. ಮೊಣಕಾಲೂರಿ ಕೂತೆ, ಗೋಡೆ ನೋಡ್ದೆ, ಎದ್ದೆ. ಹೀಗೆ ಸುಮಾರು ಎರಡು ತಿಂಗಳು. ಆ ಎರಡು ತಿಂಗಳು ಹೇಗೆ ಕಳೀತು, ಮತ್ತೆ ಬಾಯಿ ಹೇಗೆ ಬಂತು ಅನ್ನೋದನ್ನ ಬರೀತಿದ್ದೀನಿ. ನಿಮ್ಮಲ್ಲಿ ಯಾರಾದ್ರೂ ಈಗ ಅದೇ ಗೋಡೆ ನೋಡ್ತಾ ಕೂತಿದ್ರೆ ಅವರಿಗೋಸ್ಕರ.

ಮೊದ್ಲು ಜನರ ಮಾತಿನ ಬಗ್ಗೆ ಹೇಳ್ಬಿಡ್ತೀನಿ. "ದೇವರಿಗೆ ಅವನು ಬೇಕಾಗಿದ್ದ, ಅದಕ್ಕೆ ಕರ್ಕೊಂಡ." "ಅಳಬಾರ್ದು, ನಾವು ನಿರೀಕ್ಷೆ ಇರೋ ಜನ." "ಎಲ್ಲಾ ದೇವರ ಚಿತ್ತ." ಪ್ರೀತಿಯಿಂದಲೇ ಹೇಳಿದ್ರು, ಅದ್ರಲ್ಲಿ ಅನುಮಾನ ಇಲ್ಲ, ಆದ್ರೆ ಪ್ರತಿ ಮಾತೂ ನನ್ನ ಬಾಯಿ ಮುಚ್ಚಿಸ್ತಿತ್ತು. ಕರ್ತನಲ್ಲಿ ನಿದ್ರೆ ಹೋದ ಅಂತ ನಮ್ಮೋರು ಹೇಳ್ತಾರಲ್ಲ, ಅದನ್ನಂತೂ ನಂಗೆ ಕೇಳೋಕೇ ಆಗ್ತಿರ್ಲಿಲ್ಲ, ಯಾಕಂದ್ರೆ ಅವನು ಹೋಗಿದ್ದೇ ನಿದ್ದೇಲಿ. ಅಳಬಾರ್ದು ಅನ್ನೋದಕ್ಕೆ ಎಲ್ರೂ ಸತ್ಯವೇದದ, ಅಂದ್ರೆ ಬೈಬಲಿನ, 1 ಥೆಸಲೋನಿಕ 4:13 ಎತ್ಕೊಂಡು ಹೇಳ್ತಿದ್ರು. ಎಷ್ಟೋ ದಿನ ಆದ್ಮೇಲೆ ನಾನೇ ತೆಗೆದು ಓದಿದಾಗ ಗೊತ್ತಾಯ್ತು, ಆ ಪತ್ರ ಬರೆದ ಪೌಲ ಅಲ್ಲಿ ದುಃಖ ಪಡಬೇಡಿ ಅಂತ ಅಷ್ಟಕ್ಕೇ ನಿಲ್ಸಿಲ್ಲ, ನಿರೀಕ್ಷೆ ಇಲ್ಲದವರ ಥರ ದುಃಖಿಸಬೇಡಿ ಅಂತಾನೆ. ಅಂದ್ರೆ ನಿರೀಕ್ಷೆ ಇರೋರಿಗೂ ದುಃಖ ಇರುತ್ತೆ ಅಂತ ಅವನಿಗೆ ಗೊತ್ತಿತ್ತು. ಅರ್ಧ ವಚನ ಹೇಳಿ ಅಳೋರ ಬಾಯಿ ಮುಚ್ಚಿಸಬಾರ್ದು, ನಾನೂ ಹಿಂದೆ ಹಾಗೆ ಮಾಡಿದ್ದೀನಿ ಅಂತ ನೆನಪಾಗಿ ತುಂಬಾ ನಾಚಿಕೆ ಆಯ್ತು.

ಆ ದಿನಗಳಲ್ಲಿ ನಂಗೆ ನಿಜವಾಗ್ಲೂ ಸಮಾಧಾನ ಕೊಟ್ಟೋರು ನಮ್ಮ ಸಭೆಯ ಒಬ್ರು ವಯಸ್ಸಾದ ಆಂಟಿ. ಬಂದು ನಮಸ್ಕಾರ ಅಂದ್ರು, ಅಷ್ಟೇ ಮಾತು. ಮೂಲೇಲಿ ಒಗೆದ ಬಟ್ಟೆ ರಾಶಿ ಬಿದ್ದಿತ್ತು, ಅದ್ರ ಪಕ್ಕ ಕೂತು ಒಂದೊಂದಾಗಿ ಮಡಚೋಕೆ ಶುರು ಮಾಡಿದ್ರು. ಆ ರಾಶೀಲಿ ತಮ್ಮನ ಒಂದು ಷರ್ಟ್ ಇತ್ತು, ನಮ್ಮನೇಗೆ ಬಂದಾಗ ಬಿಟ್ಟು ಹೋಗಿದ್ದು. ಅದು ಕೈಗೆ ಬಂದಾಗ ಅವರಿಗೆ ಹೇಗೋ ಗೊತ್ತಾಯ್ತು, ಮಡಚಲಿಲ್ಲ, ನನ್ನ ಮಡಿಲಲ್ಲಿಟ್ಟು ಮುಂದಿನ ಬಟ್ಟೆ ತಗೊಂಡ್ರು. ವಾರಕ್ಕೆರಡು ಸಲ ಹೀಗೆ ಬರ್ತಿದ್ರು. ಸತ್ಯವೇದದಲ್ಲಿ ಮಕ್ಕಳು, ಆಸ್ತಿ ಎಲ್ಲಾ ಕಳ್ಕೊಂಡ ಯೋಬನ ಮೂವರು ಸ್ನೇಹಿತರನ್ನ ನಾವೆಲ್ಲ ಬೈತೀವಿ, ಆದ್ರೆ ಯೋಬನ ಪುಸ್ತಕದ ಎರಡನೇ ಅಧ್ಯಾಯದ ಕೊನೇಲಿ ನೋಡಿ, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ರು, ಒಂದು ಮಾತೂ ಆಡ್ಲಿಲ್ಲ. ಅಲ್ಲೀವರೆಗೆ ಅವರು ಮಾಡಿದ್ದು ಸರಿಯಾಗೇ ಇತ್ತು, ಬಾಯಿ ತೆಗೆದ್ಮೇಲೆ ತಾನೇ ಕೆಟ್ಟಿದ್ದು.

ಪ್ರಾರ್ಥನೆ ಮಾಡೋಕಾಗ್ತಿಲ್ಲ ಅಂತ ಕೊನೆಗೆ ಆ ಆಂಟಿ ಹತ್ರಾನೇ ಹೇಳ್ದೆ. ಅವರು ಉಪದೇಶ ಮಾಡ್ಲಿಲ್ಲ. "ಯೋಹಾನ 11 ಓದಮ್ಮ, ಜೋರಾಗಿ ಓದು, ಮಾರ್ಥಾ ಮಾತು ಬಂದಾಗ ನೀನೇ ಮಾರ್ಥಾ ಅಂತ ಓದು" ಅಂದ್ರು.

ಮಾರ್ಥಾ, ಮರಿಯ ಅನ್ನೋ ಅಕ್ಕ ತಂಗಿಯ ಒಡಹುಟ್ಟಿದವನು ಲಾಜರ, ಸತ್ತ ಅವನನ್ನ ಯೇಸು ಎಬ್ಬಿಸಿದ ಕಥೆ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೀನೋ. ಆದ್ರೆ ಆವತ್ತು ಓದಿದಾಗ ಮೊದ್ಲ ಸಲ ಕಂಡಿದ್ದು, ಕಾಯಿಲೆ ಸುದ್ದಿ ಮುಟ್ಟಿದ್ಮೇಲೂ ಯೇಸು ಇದ್ದ ಜಾಗದಲ್ಲೇ ಇನ್ನೂ ಎರಡು ದಿನ ಉಳ್ಕೊಂಡ. ಬರೋ ಹೊತ್ತಿಗೆ ಲಾಜರನನ್ನ ಸಮಾಧಿಯಲ್ಲಿಟ್ಟು ನಾಲ್ಕು ದಿನ. ಮಾರ್ಥಾ ಎದುರು ಹೋಗಿ ಹೇಳ್ತಾಳೆ, ಸ್ವಾಮೀ ನೀನು ಇಲ್ಲಿ ಇದ್ದಿದ್ರೆ ನನ್ನ ತಮ್ಮ ಸಾಯ್ತಿರ್ಲಿಲ್ಲ ಅಂತ. ನಮ್ಮ ಸತ್ಯವೇದದಲ್ಲಿ ತಮ್ಮ ಅಂತಿದ್ಯೋ ಅಣ್ಣ ಅಂತಿದ್ಯೋ ಅದನ್ನೂ ನೋಡ್ಲಿಲ್ಲ ನಾನು, ನನ್ನ ಬಾಯಲ್ಲಿ ತಮ್ಮ ಅಂತಲೇ ಬಂತು. ಹತ್ತು ಹನ್ನೊಂದು ವಚನ ಆದ್ಮೇಲೆ ಮರಿಯಳು ಬಂದು ಕಾಲಿಗೆ ಬಿದ್ದು ಅದೇ ಮಾತು ಹೇಳ್ತಾಳೆ, ಹೆಚ್ಚು ಕಡಿಮೆ ಅದೇ ಪದಗಳು. ಆ ನಾಲ್ಕು ದಿನ ಅಕ್ಕ ತಂಗಿ ಇಬ್ರೂ ಮನೇಲಿ ಕೂತು ಅದನ್ನೇ ಹೇಳ್ಕೊಂಡು ಅಳ್ತಿದ್ದಿರ್ಬೇಕು ಅಂತ ನಂಗನ್ಸುತ್ತೆ, ಅವನು ಬಂದಿದ್ರೆ, ಅವನು ಬಂದಿದ್ರೆ ಅಂತ. ನಾನೂ ಎರಡು ತಿಂಗಳಿಂದ ಒಳಗೊಳಗೇ ಹೇಳ್ತಿದ್ದಿದ್ದು ಅದೇ ಮಾತು, ಆದ್ರೆ ಅದು ಪಾಪ ಅಂದ್ಕೊಂಡು ನುಂಗಿಕೊಂಡಿದ್ದೆ. ಇಲ್ಲಿ ನೋಡಿದ್ರೆ ಒಂದೇ ಅಧ್ಯಾಯದಲ್ಲಿ ಎರಡು ಸಲ ಬರೆದಿಟ್ಟಿದ್ದಾರೆ, ಯೇಸು ಇಬ್ರಲ್ಲಿ ಒಬ್ರನ್ನೂ ಗದರಿಸಲ್ಲ.

ಇನ್ನೊಂದು ಏನಂದ್ರೆ, ಒಂದೇ ಮಾತಿಗೆ ಅವನು ಕೊಟ್ಟ ಉತ್ತರ ಎರಡು ಥರ. ಮಾರ್ಥಳಿಗೆ ಮಾತಲ್ಲಿ ಉತ್ತರ, ನಾನೇ ಪುನರುತ್ಥಾನ, ನಾನೇ ಜೀವ ಅಂತ. ಮರಿಯಳಿಗೆ ಮಾತೇ ಇಲ್ಲ, ಅವಳು ಅಳೋದನ್ನ ನೋಡಿ ಅವನೂ ಕಣ್ಣೀರು ಬಿಟ್ಟ. ಇನ್ನು ಸ್ವಲ್ಪ ಹೊತ್ತಲ್ಲಿ ಲಾಜರನನ್ನ ಎಬ್ಬಿಸ್ತೀನಿ ಅಂತ ಅವನಿಗೆ ಗೊತ್ತಿತ್ತು, ಆದ್ರೂ ಅತ್ತ. ಅಲ್ಲಿ ಅವನ ಮನಸ್ಸು ನೊಂದ್ಕೊಂಡಿತು ಅಂತ ಬರೋ ಕಡೆ ಮೂಲ ಗ್ರೀಕ್ ಪದಕ್ಕೆ ಸಿಟ್ಟಿನ ಅರ್ಥಾನೂ ಇದೆ ಅಂತ ಆಮೇಲೆ ನಮ್ಮ ಪಾಸ್ಟರ್ ಹೇಳಿದ್ರು. ಸಾವಿನ ಮೇಲೆ ಸಿಟ್ಟು. ಅದನ್ನ ಕೇಳಿ ನಂಗೆ ಎಷ್ಟು ಹಗುರ ಆಯ್ತು ಅಂದ್ರೆ ಹೇಳೋಕಾಗಲ್ಲ. ಸಾವನ್ನ ಒಳ್ಳೇದು ಅಂತ ಒಪ್ಕೋ ಅಂತ ಯಾರೂ ನನ್ನ ಕೇಳ್ತಿಲ್ಲ, 1 ಕೊರಿಂಥ 15:26ರಲ್ಲಿ ಅದನ್ನ ಕಡೇ ಶತ್ರು ಅಂತಲೇ ಕರೆದಿದೆ. ಆ ರಾತ್ರಿ ಜೋರಾಗಿ ಹೇಳ್ದೆ, ಸ್ವಾಮೀ ನೀನು ಇಲ್ಲಿದ್ದಿದ್ರೆ ಅವನು ಸಾಯ್ತಿರ್ಲಿಲ್ಲ, ಎಲ್ಲಿದ್ದೆ ನೀನು. ಎರಡು ತಿಂಗಳಾದ್ಮೇಲೆ ನಾನು ಮಾಡಿದ ಮೊದಲ ಪ್ರಾರ್ಥನೆ ಅದು.

ಆಮೇಲೆ ನಾನು ಸತ್ಯವೇದದ ಕೀರ್ತನೆಗಳನ್ನ ಓದೋಕೆ ಕೂತೆ, ನನ್ನ ಸ್ವಂತ ಮಾತಲ್ಲಿ ಪ್ರಾರ್ಥನೆ ಮಾಡೋಕೆ ಇನ್ನೂ ಆಗ್ತಿರ್ಲಿಲ್ಲ, ಹಾಗಾಗಿ ಬೇರೆಯವರ ಮಾತು ಸಾಲ ತಗೊಂಡೆ ಅಂದ್ಕೊಳಿ. ದಿನಕ್ಕೊಂದು, ಬಾಯಿಬಿಟ್ಟು. 150 ಕೀರ್ತನೆಗಳಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಮೊರೆಯೇ, ದೂರೇ. ಆದ್ರೆ ನಾವು ಗೋಡೆಗೆ ಹಾಕೋ ಕ್ಯಾಲೆಂಡರ್‌ಗಳಲ್ಲಿ ಅವು ಬರೋದೇ ಇಲ್ಲ. 13ನೇದು ಆರೇ ವಚನ, ಬರೆದವನು ಮೊದಲೆರಡು ವಚನದಲ್ಲೇ ಎಲ್ಲಿಯವರೆಗೆ ಎಲ್ಲಿಯವರೆಗೆ ಅಂತ ನಾಲ್ಕು ಸಲ ಕೇಳ್ತಾನೆ. ಆ ಆರು ವಚನ ನಾನು ಸುಮಾರು ಮೂರು ವಾರ ದಿನಾ ಓದಿದ್ದೀನಿ. ಕೊನೇಲಿ ಅವನು ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೀನಿ ಅಂತ ಮುಗಿಸ್ತಾನಲ್ಲ, ಆ ಸಾಲು ಶುರುವಲ್ಲಿ ನಂಗೆ ಹೇಳೋಕಾಗ್ತಿರ್ಲಿಲ್ಲ, ನಾಲ್ಕನೇ ವಚನಕ್ಕೇ ನಿಲ್ಲಿಸಿ ಪುಸ್ತಕ ಮುಚ್ತಿದ್ದೆ. ಒಂದು ದಿನ ಐದನೇದೂ ಓದ್ದೆ. ಅಷ್ಟೇ, ಯಾವ ದರ್ಶನಾನೂ ಆಗ್ಲಿಲ್ಲ.

88ನೇದರ ಬಗ್ಗೆ ಹೇಳ್ಲೇಬೇಕು. ಬೇರೆ ಅಳೋ ಕೀರ್ತನೆಗಳಲ್ಲಿ ಎಲ್ಲೋ ಒಂದು ಕಡೆ ತಿರುವು ಬರುತ್ತೆ, ಇದ್ರಲ್ಲಿ ಬರಲ್ಲ. ಕತ್ತಲಲ್ಲೇ ಮುಗಿಯುತ್ತೆ. ಇಂಥದ್ದು ಸತ್ಯವೇದದಲ್ಲಿ ಯಾಕಿದೆ ಅಂತ ಮುಂಚೆ ಯೋಚಿಸ್ತಿದ್ದೆ. ಈಗ ನನ್ನ ಅಭಿಪ್ರಾಯ ಏನಂದ್ರೆ, ಅದು ನನ್ನಂಥವರ ಆ ಎರಡು ತಿಂಗಳಿಗೋಸ್ಕರ ಇದೆ. ಅದನ್ನ ಬರೆದವನಿಗೆ ಒಂದು ಚೂರು ಬೆಳಕೂ ಕಾಣಿಸ್ತಿಲ್ಲ, ಆದ್ರೂ ಪೂರ್ತಿ ಕೀರ್ತನೆ ದೇವರ ಕಡೆ ಮುಖ ಮಾಡೇ ಇದೆ, ನೀನು ನೀನು ಅಂತಲೇ ಮಾತಾಡ್ತಾನೆ. 23ರಲ್ಲೂ ಇದೇ ಥರ ಒಂದು ವಿಷಯ ಕಣ್ಣಿಗೆ ಬಿತ್ತು. ಹಸುರು ಹುಲ್ಲು, ನೀರು ಇರೋ ಕಡೆ ಆತನು ಆತನು ಅಂತ ದೇವರ ಬಗ್ಗೆ ಹೇಳ್ತಾ ಬರ್ತಾನೆ, ನಾಲ್ಕನೇ ವಚನದಲ್ಲಿ ಕತ್ತಲ ಕಣಿವೆ ಬಂದ ತಕ್ಷಣ ಅದು ನೀನು ಅಂತ ಆಗುತ್ತೆ. ಚಿಕ್ಕಂದಿನಲ್ಲೇ ಬಾಯಿಪಾಠ ಆಗಿದ್ದ ಕೀರ್ತನೆ, ಇಷ್ಟು ವರ್ಷ ಇದು ಗೊತ್ತೇ ಆಗಿರ್ಲಿಲ್ಲ.

ಇದರ ಜೊತೆ ದೇಹದ ವಿಷಯಾನೂ ಹೇಳ್ತೀನಿ, ಯಾಕಂದ್ರೆ ವಿಶ್ವಾಸದ ಹೆಸರಲ್ಲಿ ನಾವು ಇದನ್ನ ಮುಚ್ಚಿಡ್ತೀವಿ. ನಂಗೆ ನಿದ್ದೆ ಇರ್ಲಿಲ್ಲ, ಊಟ ಸೇರ್ತಿರ್ಲಿಲ್ಲ, ನಾನೂ ಹೋಗಿಬಿಟ್ರೆ ಒಳ್ಳೇದಿತ್ತು ಅನ್ನೋ ಯೋಚನೆ ಎರಡು ಮೂರು ಸಲ ಬಂತು. ಡಾಕ್ಟರ್ ಹತ್ರ ಹೋದ್ರೆ ವಿಶ್ವಾಸ ಕಮ್ಮಿ ಅಂದ್ಕೊಳ್ತಾರೆ ಅಂತ ಹೆದರಿದ್ದೆ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾಕು, ನನ್ನ ಪ್ರಾಣ ತಗೋ ಅಂತಾನೆ. ದೇವದೂತ ಬಂದು ಉಪದೇಶ ಮಾಡಲ್ಲ, ಏಳು ಊಟ ಮಾಡು ಅಂತಾನೆ, ರೊಟ್ಟಿ ನೀರು ಕೊಡ್ತಾನೆ, ಅವನು ತಿಂದು ಮತ್ತೆ ಮಲಗ್ತಾನೆ, ಮತ್ತೆ ಎಬ್ಬಿಸಿ ಊಟ ಮಾಡು ಅಂತಾನೆ. ಬೆಟ್ಟಕ್ಕೆ ಹೋಗಿ ದೇವರ ಜೊತೆ ಮಾತುಕತೆ ಎಲ್ಲಾ ಆಮೇಲೆ. ನಾನು ಡಾಕ್ಟರ್ ಹತ್ರಾನೂ ಹೋದೆ, ಕೌನ್ಸೆಲರ್ ಹತ್ರಾನೂ ಹೋದೆ, ಅದಕ್ಕೂ ಪ್ರಾರ್ಥನೆಗೂ ಏನೂ ಜಗಳ ಇರ್ಲಿಲ್ಲ. ತಿಂಗಳುಗಟ್ಲೆ ಆದ್ರೂ ದಿನನಿತ್ಯದ ಕೆಲಸಕ್ಕೇ ಏಳೋಕಾಗದಷ್ಟು ದುಃಖ ಇದ್ರೆ ಅದಕ್ಕೆ ಚಿಕಿತ್ಸೆ ಇದೆ ಅಂತ ಅಲ್ಲೇ ಗೊತ್ತಾಗಿದ್ದು. ಸಾಯೋ ಯೋಚನೆ ಬರ್ತಿದ್ರೆ ದಯವಿಟ್ಟು ಒಬ್ರೇ ಇಟ್ಕೋಬೇಡಿ, ಇವತ್ತೇ ಯಾರಿಗಾದ್ರೂ ಹೇಳಿ, ಡಾಕ್ಟರಿಗೆ ಹೇಳಿ.

ಇನ್ನು ಕನ್ನಡಕದ ವಿಷಯ. ಇದನ್ನ ಬರೀಬೇಕೋ ಬೇಡ್ವೋ ಅಂತ ತುಂಬಾ ಯೋಚಿಸಿದೆ.

ತಮ್ಮನ ಕನ್ನಡಕ ನನ್ನ ಹತ್ರ ಇಟ್ಕೊಂಡಿದ್ದೆ. ಎಡಗಡೆ ಗ್ಲಾಸ್ ಮೇಲೆ ಕೆಳಗಿನ ಮೂಲೇಲಿ ಅವನ ಹೆಬ್ಬೆರಳಿನ ಗುರುತು ಇತ್ತು, ಲೈಟಿಗೆ ಹಿಡಿದ್ರೆ ಗೆರೆಗೆರೆ ಕಾಣ್ತಿತ್ತು. ಅವನಿಗೆ ಕನ್ನಡಕನ ಗ್ಲಾಸ್ ಹಿಡ್ಕೊಂಡೇ ತೆಗೆಯೋ ಕೆಟ್ಟ ಅಭ್ಯಾಸ, ಸಾವಿರ ಸಲ ಬೈದಿದ್ದೆ. ಅದನ್ನ ಡ್ರಾಯರ್‌ನಲ್ಲಿ ಬಟ್ಟೆ ಮೇಲೆ ಅಂಗಾತ ಇಟ್ಟಿದ್ದೆ, ದಿನಾ ರಾತ್ರಿ ಒಂದ್ಸಲ ತೆಗೆದು ಲೈಟಿಗೆ ಹಿಡಿದು ನೋಡ್ತಿದ್ದೆ. ಸುಮಾರು ಏಳು ತಿಂಗಳಾಗಿತ್ತು. ಒಂದು ದಿನ ತೆಗೆದು ನೋಡಿದ್ರೆ ಗ್ಲಾಸ್ ಫಳಫಳ ಅಂತಿದೆ. ಅಮ್ಮ ಒರೆಸಿಬಿಟ್ಟಿದ್ಲು.

ನಾನು ಅಮ್ಮನ ಮೇಲೆ ಕೂಗಾಡಿದ್ದು ಈಗ ನೆನೆಸಿಕೊಂಡ್ರೂ ಮೈ ನಡುಗುತ್ತೆ. ಎಲ್ಲಾ ಮುಗಿದ್ಮೇಲೆ ಅವಳು ಮೆತ್ತಗೆ ಅಂದ್ಲು, "ಕೊಳೆ ಆಗಿತ್ತು ಕಣೇ, ಅವನಿಗೆ ಸರಿಯಾಗಿ ಕಾಣಲ್ಲ ಅಂತ ಒರೆಸ್ದೆ." ಅಂದ್ಮೇಲೆ ತಾನು ಏನಂದೆ ಅಂತ ಅವಳಿಗೇ ಗೊತ್ತಾಗಿ ಅಲ್ಲೇ ಮಂಚದ ಮೇಲೆ ಕುಸಿದು ಕೂತ್ಲು. ಅಲ್ಲೀವರೆಗೆ ನಾವಿಬ್ರೂ ಒಬ್ರೆದುರು ಒಬ್ರು ಅತ್ತಿರ್ಲಿಲ್ಲ, ನಾನು ಅತ್ರೆ ಅಮ್ಮ ಕುಗ್ತಾಳೆ ಅಂತ ನಾನು, ಅವಳು ಅತ್ರೆ ನಾನು ಕುಗ್ತೀನಿ ಅಂತ ಅವಳು. ಆವತ್ತು ಇಬ್ರೂ ಅತ್ವಿ. ಆಮೇಲೆ ಅಮ್ಮ ನನ್ನ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡಿದ್ಲು, ಎರಡೇ ಸಾಲು, ಕರ್ತನೇ ನನ್ನ ಮಗ ನಿನ್ನ ಹತ್ರ ಇದ್ದಾನೆ, ಈ ಮಗಳನ್ನ ನೋಡ್ಕೋ ಅಂತ. ಮಿಸ್ಡ್ ಕಾಲ್ ವಿಷಯ ಅಮ್ಮನಿಗೆ ಹೇಳಿದ್ದೂ ಆವತ್ತೇ. ಅಲ್ಲೀವರೆಗೆ ಯಾರಿಗೂ ಹೇಳಿರ್ಲಿಲ್ಲ. ಅಮ್ಮ "ನೀನು ಎತ್ತಲ್ಲ ಅಂತ ಅವನು ಕೋಪ ಮಾಡ್ಕೊಳೋನಾ?" ಅಂತ ಕೇಳಿದ್ಲು, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. 1 ಯೋಹಾನ 3:20ರಲ್ಲಿ ಒಂದು ಮಾತಿದೆ, ನಮ್ಮ ಮನಸ್ಸು ನಮ್ಮನ್ನ ದೋಷಿ ಅಂದ್ರೂ ದೇವರು ನಮ್ಮ ಮನಸ್ಸಿಗಿಂತ ದೊಡ್ಡವನು ಅಂತ. ಅದನ್ನ ಒಂದು ಚೀಟೀಲಿ ಬರೆದು ಆ ಹಳೇ ಫೋನಿನ ಕವರ್ ಒಳಗೆ ಇಟ್ಟಿದ್ದೀನಿ. ತಪ್ಪು ಮಾಡ್ದೆ ಅನ್ನೋ ಭಾವನೆ ಪೂರ್ತಿ ಹೋಯ್ತು ಅಂತ ಹೇಳಲ್ಲ, ಆದ್ರೆ ಅದು ಬಂದಾಗೆಲ್ಲ ತಗೊಂಡು ಹೋಗೋಕೆ ಒಂದು ಜಾಗ ಇದೆ.

ಒರೆಸೋದು ಅನ್ನೋ ಪದ ನಂಗೆ ಆ ದಿನದಿಂದ ಬೇರೆ ಆಗಿಬಿಟ್ಟಿದೆ. ಪ್ರಕಟನೆ 21:4ರಲ್ಲಿ ದೇವರೇ ಅವರ ಕಣ್ಣೀರನ್ನೆಲ್ಲ ಒರೆಸ್ತಾನೆ ಅಂತ ಇದೆಯಲ್ಲ, ಆ ವಚನ ಅವನ ಅಂತ್ಯಕ್ರಿಯೆಯಲ್ಲೇ ಓದಿದ್ರು, ಆಗ ಏನೂ ಅನ್ನಿಸಿರ್ಲಿಲ್ಲ. ಈಗ ಓದಿದಾಗ ಅಮ್ಮ ಮೆತ್ತನೆ ಬಟ್ಟೆ ತಗೊಂಡು ಮಗನಿಗೆ ಚೆನ್ನಾಗಿ ಕಾಣ್ಲಿ ಅಂತ ಆ ಗ್ಲಾಸ್ ಒರೆಸೋದೇ ಕಣ್ಣ ಮುಂದೆ ಬರುತ್ತೆ, ದೇವರು ನಮ್ಮ ಕಣ್ಣು ಒರೆಸೋದೂ ಹಾಗೇ ಇರ್ಬೇಕು.

ಮೊದಲ ವರ್ಷ ಮುಗಿಯೋ ಹೊತ್ತಿಗೆ ಪ್ರಲಾಪಗಳು ಓದ್ದೆ. ಐದು ಅಧ್ಯಾಯದ ಸಣ್ಣ ಪುಸ್ತಕ, ಯೆರೂಸಲೇಮ್ ಹಾಳಾದ್ಮೇಲೆ ಅಳೋ ಅಳು. ಹೀಬ್ರೂ ಅಕ್ಷರಮಾಲೇಲಿ 22 ಅಕ್ಷರ, ಮೊದಲ ನಾಲ್ಕು ಅಧ್ಯಾಯ ಆ ಅಕ್ಷರಗಳ ಕ್ರಮದಲ್ಲೇ ಹೋಗುತ್ತೆ ಅಂತ ಪಾಸ್ಟರ್ ಹೇಳಿದ್ರು. ಒಂದು, ಎರಡು, ನಾಲ್ಕರಲ್ಲಿ 22 ವಚನ, ಮೂರನೇದರಲ್ಲಿ ಅಕ್ಷರಕ್ಕೆ ಮೂರರಂತೆ 66. ಐದನೇದರಲ್ಲೂ 22 ವಚನ ಇದೆ, ಆದ್ರೆ ಅಕ್ಷರಗಳ ಕ್ರಮ ಇಲ್ಲ, ಅಷ್ಟು ಹೊತ್ತಿಗೆ ಬರೆದವನಿಗೂ ಸಾಕಾಗಿತ್ತೇನೋ. ಆತನ ಕರುಣೆ ದಿನದಿನವೂ ಬೆಳಿಗ್ಗೆ ಹೊಸದು ಅನ್ನೋ ಮಾತು ಬರೋದು ಮೂರನೇ ಅಧ್ಯಾಯದಲ್ಲಿ, ಮಧ್ಯದಲ್ಲಿ, ಅದಾದ್ಮೇಲೆ ಮತ್ತೆ ಅಳು ಶುರು. ನಂಗೆ ಇದು ನನ್ನ ಮನೆ ಕಥೆ ಥರಾನೇ ಕಾಣ್ತು, ಒಂದು ದಿನ ಚೆನ್ನಾಗಿದ್ದು ಮಾರನೇ ದಿನ ಮತ್ತೆ ಅದೇ.

ನಾನೂ ಹಾಗೆ ಬರೀತೀನಿ ಅಂತ ಒಂದು ನೋಟ್‌ಬುಕ್ ತಗೊಂಡೆ. ಅ ಇಂದ ಶುರು, ದಿನಕ್ಕೊಂದು ಅಕ್ಷರ, ಒಂದೇ ಸಾಲು, ಎಲ್ಲಾ ದೇವರಿಗೆ. ಅ, ಅಕ್ಕ ಅಂತ ಅವನ ಥರ ಕರಿಯೋರು ಇನ್ನು ಯಾರೂ ಇಲ್ಲ ಕರ್ತನೇ. ಎ, ಎಲ್ಲಿದ್ದೆ ನೀನು. ಕ, ಕನ್ನಡಕ ಒರೆಸಿದ್ದಕ್ಕೆ ಅಮ್ಮನ್ನ ಬೈದೆ, ಕ್ಷಮಿಸು. ನ, ನಂಬ್ತೀನಿ, ಇವತ್ತಿನ ಮಟ್ಟಿಗೆ. ಫ, ಫೋನ್ ಎತ್ತಲಿಲ್ಲ. ಮ, ಮಾರ್ಥಳಿಗೆ ಉತ್ತರ ಕೊಟ್ಟೆಯಲ್ಲ, ನಂಗೂ ಕೊಡು. ಇದರಿಂದ ಏನು ಉಪಯೋಗ ಆಯ್ತು ಅಂದ್ರೆ, ದುಃಖಕ್ಕೆ ಒಂದು ದಡ ಸಿಕ್ತು, ಇವತ್ತಿಗೆ ಈ ಅಕ್ಷರ, ಅಷ್ಟು ಸಾಕು, ಮಿಕ್ಕಿದ್ದು ನಾಳೆ. ದಿನವಿಡೀ ಹರಿದುಕೊಂಡು ಹೋಗ್ತಿದ್ದದ್ದು ಒಂದು ಸಾಲಿಗೆ ಬಂತು. ಬರೆಯೋಕೆ ಬರೋರು, ಬರದೆ ಇರೋರು ಯಾರಾದ್ರೂ ಮಾಡಬಹುದು, ಚೆನ್ನಾಗಿರ್ಬೇಕು ಅಂತಿಲ್ಲ.

ನಿರೀಕ್ಷೆ ಅಂದ್ರೆ ನಂಗೆ ಈಗ ಏನು ಅಂತ ಕೇಳಿದ್ರೆ, ಅವನು ನೆನಪಲ್ಲಿ ಬದುಕಿದ್ದಾನೆ ಅನ್ನೋದಲ್ಲ. ನೆನಪು ನಾನು ಇರೋವರೆಗೆ ತಾನೇ, ಅದ್ರಲ್ಲೂ ಅವನ ಧ್ವನಿ ಆಗ್ಲೇ ಸ್ವಲ್ಪ ಸ್ವಲ್ಪ ಮರೀತಿದೆ, ಅದೇ ದೊಡ್ಡ ಭಯ. ಕ್ರಿಸ್ತ ಸಮಾಧಿಯಿಂದ ದೇಹಸಮೇತ ಎದ್ದ, ಹಾಗೇ ಅವನಲ್ಲಿ ಸತ್ತವರೂ ಏಳ್ತಾರೆ, ನಾನು ನಂಬೋದು ಇದನ್ನ. ಯೋಹಾನ 20ರಲ್ಲಿ ಮಗ್ದಲದ ಮರಿಯಳು (ಇವಳು ಬೇರೆ ಮರಿಯಳು) ಯೇಸುವಿನ ಸಮಾಧಿ ಹತ್ರ ಅಳ್ತಾ ನಿಂತಿರ್ತಾಳೆ, ಯೇಸು ಎದುರಿಗೇ ಇದ್ರೂ ತೋಟದ ಮಾಲಿ ಅಂದ್ಕೊಳ್ತಾಳೆ. ಅವನು ವಿವರಿಸಿ ಹೇಳಲ್ಲ, ಮರಿಯಾ ಅಂತ ಹೆಸರು ಹಿಡಿದು ಕರೀತಾನೆ ಅಷ್ಟೇ, ಅವಳಿಗೆ ಗೊತ್ತಾಗುತ್ತೆ. ಕಳ್ಕೊಂಡ ಧ್ವನಿ, ತನ್ನ ಹೆಸರು. ನಾನು ಎದುರು ನೋಡ್ತಿರೋದು ಅಂಥ ಒಂದು ಪದಕ್ಕೆ, ಅಕ್ಕ ಅಂತ.

ಆ ನೋಟ್‌ಬುಕ್ ಕಥೆ ಪೂರ್ತಿ ಮಾಡ್ತೀನಿ. ಙ, ಞ, ಣ ಅಕ್ಷರಗಳಿಂದ ಕನ್ನಡದಲ್ಲಿ ಪದ ಶುರುವಾಗಲ್ಲ, ಅವನ್ನ ಬಿಟ್ಟು ಮುಂದೆ ಹೋಗ್ತಿದ್ದೆ, ಮಧ್ಯದಲ್ಲಿ ಬಿಡೋದು ಅಷ್ಟು ಕಷ್ಟ ಅನ್ನಿಸ್ಲಿಲ್ಲ. ಹ ಆಯ್ತು, ಆಮೇಲೆ ಕೊನೇ ಅಕ್ಷರ ಳ. ಅದರಿಂದಲೂ ಯಾವ ಪದಾನೂ ಶುರುವಾಗಲ್ಲ. ಎಷ್ಟು ಹೊತ್ತು ಪೆನ್ ಹಿಡ್ಕೊಂಡು ಕೂತಿದ್ದೆ, ಇಷ್ಟು ದೂರ ಬಂದು ಕೊನೇದನ್ನ ಖಾಲಿ ಬಿಡೋಕೆ ಮನಸ್ಸು ಒಪ್ತಿರ್ಲಿಲ್ಲ. ಆಗ ಪ್ರಕಟನೆ 21ನ್ನೇ ಮತ್ತೆ ತೆಗೆದೆ, ಕಣ್ಣೀರು ಒರೆಸೋ ವಚನ ಆಗಿ ಎರಡೇ ವಚನಕ್ಕೆ ಸಿಂಹಾಸನದ ಮೇಲೆ ಕೂತವನು ತನ್ನನ್ನ ಅಲ್ಫಾ ಓಮೆಗಾ ಅಂತ ಕರ್ಕೊಳ್ತಾನೆ, ಗ್ರೀಕ್ ಅಕ್ಷರಮಾಲೆಯ ಮೊದಲನೇ ಅಕ್ಷರ, ಕೊನೇ ಅಕ್ಷರ. ಇದನ್ನ ನೂರು ಸಲ ಓದಿದ್ರೂ ಅದು ಅಕ್ಷರ ಅಂತ ಆವತ್ತೇ ನಂಗೆ ಹೊಳೆದಿದ್ದು.

ಳ ಅಂತ ಬರೆದು, ಪಕ್ಕದಲ್ಲಿ ಏನೂ ಬರೀದೆ, ಆ ಸಾಲು ಅವನಿಗೆ ಬಿಟ್ಟಿದ್ದೀನಿ. ಹೋದ ತಿಂಗಳು ತಮ್ಮನ ಹುಟ್ಟಿದ ದಿನ ಅಮ್ಮ ಆ ಪುಸ್ತಕ ಕೇಳಿದ್ಲು, ಕೊಟ್ಟೆ. ಅವಳು ಅದೇ ಕನ್ನಡಕ ಹಾಕ್ಕೊಂಡು, ಪವರ್ ಸರಿ ಹೊಂದದೆ ಇದ್ರೂ, ಅ ಇಂದ ಓದೋಕೆ ಶುರು ಮಾಡಿದ್ಲು.